ಲ್ಯಾಬ್‌ಗಳಿಗೆ ಸಿದ್ಧ ಬ್ಯಾಚ್ ಫೈಲ್ ಕೊಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳದಂಥ ಊರುಗಳ ಕಾಲೇಜು ಲ್ಯಾಬ್‌ಗಳಿಗೆ ಕಂಪ್ಯೂಟರ್‌ಗಳನ್ನು ಮೊದಲಿನಿಂದ ಸಜ್ಜುಗೊಳಿಸುವ ಕೆಲಸ ಬಂದಿದೆ. ಪ್ರತಿ ಯಂತ್ರದ ಮುಂದೆ ಕೂತು ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತಬೇಕಿಲ್ಲ. ನೋಟ್‌ಪ್ಯಾಡ್‌ನಲ್ಲಿ ಬರೆದ ಒಂದು ಬ್ಯಾಚ್ ಫೈಲ್ (ಆದೇಶಗಳನ್ನು ಸಾಲಾಗಿ ತಾನೇ ಓಡಿಸುವ ಪಠ್ಯ ಫೈಲ್) ಸಾಕು.

ಸಾಫ್ಟ್‌ವೇರ್ ಇಳಿಸಿ ಕೂರಿಸುವ ವಿಂಡೋಸ್‌ನದೇ ಸಾಧನ ವಿನ್‌ಗೆಟ್ ಒಳ್ಳೆಯದೇ, ಆದರೆ ಪ್ರತಿ ಯಂತ್ರಕ್ಕೂ ಇಂಟರ್ನೆಟ್‌ನಿಂದ ಹೊಸದಾಗಿ ಇಳಿಸಿಕೊಳ್ಳುತ್ತದೆ. ಲಿಬ್ರೆಆಫೀಸ್ ಒಂದೇ ಸುಮಾರು 350 ಎಂಬಿ. 30 ಯಂತ್ರಕ್ಕೆ ಹತ್ತು ಜಿಬಿ ದಾಟುತ್ತದೆ. ತಾಲ್ಲೂಕಿನ ಲೈನ್‌ಗಳಿಗೆ ಪೆನ್‌ಡ್ರೈವೇ ವಾಸಿ.

ಎಂಎಸ್‌ಐ ಎಂಬ ಇನ್‌ಸ್ಟಾಲರ್ ಫೈಲ್‌ಗಳನ್ನು ವಿಂಡೋಸ್‌ನ ಎಂಎಸ್‌ಐಎಕ್ಸೆಕ್ ಆದೇಶಕ್ಕೆ ‘ಸ್ಲ್ಯಾಷ್ ಕ್ಯೂಎನ್’, ‘ಸ್ಲ್ಯಾಷ್ ನೋರೀಸ್ಟಾರ್ಟ್’ ಸೇರಿಸಿ ಕೊಟ್ಟರೆ ಏನನ್ನೂ ಕೇಳದೆ ಕೂರುತ್ತವೆ. ವಿಎಲ್‌ಸಿ, ಸೆವೆನ್‌ಜಿಪ್‌ನ ಇಎಕ್ಸ್‌ಇಗೆ ‘ಸ್ಲ್ಯಾಷ್ ಎಸ್’ ಬೇಕು, ಎಸ್ ದೊಡ್ಡಕ್ಷರದಲ್ಲೇ ಇರಲಿ. ಪೈಥಾನ್‌ಗೆ ‘ಸ್ಲ್ಯಾಷ್ ಕ್ವೈಟ್’ ಜೊತೆ ‘ಪ್ರಿಪೆಂಡ್‌ಪಾತ್’ಗೆ 1 ಕೊಡಿ, ಮರೆತರೆ ಹುಡುಗರು ಪೈಥಾನ್ ಅಂತ ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ!

ಹೆಚ್ಚಿನವರು ಎಡವುವುದು ಬೇರೆ ಕಡೆ. ಬ್ಯಾಚ್ ಫೈಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕೂಡಲೇ ಅದು ಸಿಸ್ಟಮ್32 ಫೋಲ್ಡರಿನಲ್ಲಿ ನಿಂತುಬಿಡುತ್ತದೆ, ಪಕ್ಕದಲ್ಲೇ ಇರುವ ಫೈಲ್ ‘ಸಿಗಲಿಲ್ಲ’ ಅನ್ನುತ್ತದೆ. ಪ್ರತಿ ಹೆಸರಿನ ಮುಂದೆ ಪರ್ಸೆಂಟ್, ಟಿಲ್ಡೆ, ಡಿಪಿ0 (%~dp0) ಹಾಕಿದರೆ ಬ್ಯಾಚ್ ಫೈಲ್ ಇರುವ ಫೋಲ್ಡರಿನಲ್ಲೇ ಹುಡುಕುತ್ತದೆ. 1618 ಎಂಬ ದೋಷ ಸಂಖ್ಯೆ ಬಂದರೆ ಹಿಂದಿನ ಇನ್‌ಸ್ಟಾಲ್ ಇನ್ನೂ ಮುಗಿದಿಲ್ಲ. ‘ಸ್ಟಾರ್ಟ್ ಸ್ಲ್ಯಾಷ್ ವೇಟ್’ನಿಂದ ಒಂದಾದ ಮೇಲೊಂದು ಓಡಿಸಿ. 3010 ತಪ್ಪಲ್ಲ, ರೀಸ್ಟಾರ್ಟ್ ಬಾಕಿ ಎಂದಷ್ಟೇ.

ಪ್ರಾಕ್ಟಿಕಲ್ ಫೈಲ್‌ಗಳ ಬ್ಯಾಕಪ್‌ಗೆ ವಿಂಡೋಸ್‌ನದೇ ನಕಲು ಆದೇಶ ರೋಬೋಕಾಪಿ ಇದೆ. ಅದರ ‘ಎಂಐಆರ್’ ಆಯ್ಕೆ ಮೂಲದಲ್ಲಿಲ್ಲದ್ದನ್ನೆಲ್ಲ ಗುರಿ ಫೋಲ್ಡರಿನಿಂದ ಅಳಿಸುತ್ತದೆ. ಎರಡು ಹೆಸರು ಅದಲುಬದಲಾದರೆ ವರ್ಷದ ಕೆಲಸ ಹೋದಂತೆ! ಮೊದಲು ‘ಸ್ಲ್ಯಾಷ್ ಎಲ್’ ಹಾಕಿ ಪಟ್ಟಿ ನೋಡಿ, ಅದು ಏನನ್ನೂ ಮುಟ್ಟುವುದಿಲ್ಲ. ಇದನ್ನೇ ನಿಗದಿತ ಹೊತ್ತಿಗೆ ಓಡಿಸುವ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸುವಾಗ, ಸರ್ವರಿನ ಫೋಲ್ಡರಿಗೆ ಕೊಟ್ಟ ಝಡ್ ಡ್ರೈವ್‌ನಂಥ ಅಕ್ಷರ ಬರೆಯಬೇಡಿ. ಯಾರೂ ಲಾಗಿನ್ ಆಗಿರದಾಗ ಆ ಅಕ್ಷರವೇ ಇರುವುದಿಲ್ಲ. ಸರ್ವರಿನ ಪೂರ್ಣ ವಿಳಾಸ ಕೊಡಿ. ಫೈಲಿನ ಕೊನೆಯ ‘ಪಾಸ್’ (PAUSE) ಸಾಲನ್ನೂ ತೆಗೆಯಿರಿ, ಇಲ್ಲವೆಂದರೆ ಯಾರೂ ಒತ್ತದ ಕೀಗಾಗಿ ಅದು ಕಾಯುತ್ತಲೇ ಇರುತ್ತದೆ.

ಇಷ್ಟನ್ನು ಪ್ರತಿ ಕಾಲೇಜಿನ ಲ್ಯಾಬ್ ಸಹಾಯಕರು ತಾವೇ ಹುಡುಕಿ ಕಲಿಯಬೇಕೇ? ಶಾಲಾ ಶಿಕ್ಷಣ ಇಲಾಖೆ (ಪದವಿ ಪೂರ್ವ) ವಿಜಯಪುರದಲ್ಲೇ ಒಂದು ಲ್ಯಾಬಿನಲ್ಲಿ ಪರೀಕ್ಷಿಸಿದ ಬ್ಯಾಚ್ ಫೈಲನ್ನು, ಮೂಲ ತಾಣಗಳಿಂದಲೇ ಇಳಿಸಿದ ಇನ್‌ಸ್ಟಾಲರ್‌ಗಳ ಜೊತೆ, ಶೈಕ್ಷಣಿಕ ವರ್ಷ ಶುರುವಾಗುವ ಮುನ್ನ ಎಲ್ಲ ಕಾಲೇಜುಗಳಿಗೆ ಕಳಿಸಲಿ.

– ಕಂಪ್ಯೂಟರ್ ಲ್ಯಾಬ್ ನಿರ್ವಾಹಕರು, ವಿಜಯಪುರ