ಗುಡ್ಡೆ ಕಡಿಯುವ ಮೊದಲು ಸುರಂಗ ಅಳೆಯಿರಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯಲ್ಲಿ ಗುಡ್ಡೆ ಸಮತಟ್ಟು ಮಾಡುವುದಿರಲಿ, ಕೆಂಪುಕಲ್ಲಿನ ಪಣೆ (ಕಲ್ಲಿನ ಕ್ವಾರಿ) ತೆರೆಯುವುದಿರಲಿ, ರಸ್ತೆಗೆಂದು ಗುಡ್ಡೆಯ ಮಗ್ಗುಲು ಸೀಳುವುದಿರಲಿ, ಅನುಮತಿಗೆ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಆ ಗುಡ್ಡೆಯೊಳಗೆ ಸುರಂಗಗಳು, ಅಂದರೆ ನೀರಿಗಾಗಿ ಗುಡ್ಡೆಯ ಮಗ್ಗುಲಿಂದ ಅಡ್ಡಕ್ಕೆ ಕೊರೆದ ಬಿಲಗಳು, ಎಷ್ಟಿವೆ, ಅವು ಎಲ್ಲಿಯವರೆಗೆ ಹೋಗಿವೆ, ಬೇಸಿಗೆಯಲ್ಲಿ ಎಷ್ಟು ನೀರು ಕೊಡುತ್ತಿವೆ? ಬಾಯಾರು, ಪೈವಳಿಕೆ, ಎಣ್ಮಕಜೆ, ಶೇಣಿ, ಕುಂಬ್ಡಾಜೆ ಕಡೆಯ ಕೃಷಿಕರಿಗೆ ಸುರಂಗ ಎಂದರೇನೆಂದು ಹೇಳಬೇಕಾಗಿಲ್ಲ. ಆದರೆ ಅದನ್ನು ಅಡಕೆ ತೋಟದ ನೀರಿನ ಮೂಲವೆಂದಷ್ಟೇ ನೋಡುವುದು ಸಾಲದು. ಗುಡ್ಡೆಯ ಒಳಗಿನ ನೀರು ಯಾವ ಮಟ್ಟದಲ್ಲಿದೆ ಎಂದು ತೋರಿಸುವ ಅಳತೆಗೋಲೂ ಅದೇ.

ನಮ್ಮ ಗುಡ್ಡೆಗಳ ರಚನೆ ನೋಡಿ. ಮೇಲೆ ತೆಳುವಾದ ಮಣ್ಣು, ಅದರ ಕೆಳಗೆ ತೂತುತೂತಾದ ಮುರಕಲ್ಲು (ಕೆಂಪುಕಲ್ಲು), ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು, ತಳದಲ್ಲಿ ಗಟ್ಟಿ ಬಂಡೆ. ಮಳೆನೀರು ಮುರಕಲ್ಲಿನ ರಂಧ್ರಗಳಲ್ಲಿ ಬೇಗ ಇಳಿಯುತ್ತದೆ. ಶೇಡಿಯ ಸೂಕ್ಷ್ಮ ಕಣಗಳ ನಡುವೆ ಅಷ್ಟೇ ವೇಗವಾಗಿ ಇಳಿಯಲಾಗದೆ, ಎರಡೂ ಕೂಡುವ ಮಟ್ಟದಲ್ಲಿ ಅಡ್ಡಕ್ಕೆ ಹರಿದು ಗುಡ್ಡೆಯ ಬುಡದಲ್ಲಿ ಒರತೆಯಾಗುತ್ತದೆ. ಸುರಂಗ ತೋಡುವವರು ಹುಡುಕುವುದು ಈ ಕೂಡುಮಟ್ಟವನ್ನೇ. ಬೇಸಿಗೆಯಲ್ಲೂ ಆರದ ತೇವ, ಧೂಪ, ಬಸರಿ, ಉಪ್ಪಳಿಗೆ ಮರಗಳು ಅವರಿಗೆ ಗುರುತು.

ಸುರಂಗದ ಅಳತೆ ಒಬ್ಬಾಳು ನಿಂತು ಪಿಕ್ಕಾಸು ಬೀಸುವಷ್ಟು, ಅಂದರೆ ಸುಮಾರು 6 ಅಡಿ ಎತ್ತರ, 2 ಅಡಿ ಅಗಲ. ಒಳಹೋದಂತೆ ನೆಲ ಸ್ವಲ್ಪ ಏರಬೇಕು, ಆಗಲೇ ಪಂಪಿಲ್ಲದೆ ನೀರು ಹೊರಗೆ ಹರಿಯುವುದು. ಉದ್ದದ ಲೆಕ್ಕ ಕೋಲಿನಲ್ಲಿ. ಒಂದು ಕೋಲು ಎಂದರೆ ಸುಮಾರು 72 ಸೆಂ.ಮೀ. ಉರಿಯುವ ದೀಪ ಮಂಕಾದರೆ ಒಳಗೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹೊರಬರಬೇಕು. ಮಾಡಿಗೆ (ಒಳಗಿನ ಚಾವಣಿಗೆ) ಕಂಬ, ತೊಲೆ ಏನೂ ಇಲ್ಲದಿದ್ದರೂ ಮುರಕಲ್ಲಿನಲ್ಲಿ ಸುರಂಗ ನಿಲ್ಲುತ್ತದೆ, ಏಕೆಂದರೆ ಆ ಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಬಿರುಸಾಗುತ್ತದೆ. ಜಿಲ್ಲೆಯ ದಕ್ಷಿಣದಲ್ಲಿ ಬೃಹತ್ ಶಿಲಾಯುಗದವರು ಇದೇ ಕಲ್ಲಿನಲ್ಲಿ ಕೊರೆದ ಸಮಾಧಿ ಗುಹೆಗಳು ಇಂದಿಗೂ ನಿಂತಿವೆ. ಶೇಡಿ ಹಾಗಲ್ಲ. ಸುರಂಗ ಕುಸಿಯುವುದು ಹೆಚ್ಚಾಗಿ ಮಾಡಿಗೆ ಶೇಡಿ ಬಂದಲ್ಲೇ.

ರಸ್ತೆಗೆ ಗುಡ್ಡೆ ಸೀಳುವಾಗ ತಪ್ಪುವುದೂ ಇಲ್ಲೇ. ಮೇಲಿನ ಮುರಕಲ್ಲು ನೆಟ್ಟಗೆ ನಿಂತದ್ದನ್ನು ನೋಡಿ ಕೆಳಗಿನ ಶೇಡಿಯನ್ನೂ ಅದೇ ಧೈರ್ಯದಲ್ಲಿ ನೆಟ್ಟಗೆ ಕಡಿಯುತ್ತಾರೆ. ಒಣಗಿದ ಶೇಡಿಗೆ ಹಿಟಾಚಿಯ ಹಲ್ಲು ಕೂಡ ಕಷ್ಟದಲ್ಲಿ ಇಳಿಯುತ್ತದೆ. ನೀರು ಕುಡಿದರೆ ಅದೇ ಮಣ್ಣು ಕೆಸರಾಗಿ ಜಾರುತ್ತದೆ. ಬುಡದ ಶೇಡಿ ಸರಿದ ಮೇಲೆ ಮುರಕಲ್ಲಿನ ಚಪ್ಪಡಿ ಆಧಾರವಿಲ್ಲದೆ ಉಳಿದು ಒಮ್ಮೆಲೇ ಮುರಿದು ಬೀಳುತ್ತದೆ. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಶೇಡಿ ಮಣ್ಣಿನ ಗುಣದ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಇದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ.

ಕಡಿದ ಮೈಗೆ ಕಬ್ಬಿಣದ ಉದ್ದ ಮೊಳೆ ಹೊಡೆದು ಕಾಂಕ್ರೀಟ್ ಎರಚಿದರೆ ಕೆಲಸ ಮುಗಿಯಿತು ಎಂಬ ಭಾವನೆಯಿದೆ. ಹೊರಬರುತ್ತಿದ್ದ ನೀರಿಗೆ ದಾರಿ ಬಿಡದೆ ಹಾಗೆ ಮಾಡಿದರೆ ಕಾಂಕ್ರೀಟಿನ ಹಿಂದೆ ನೀರಿನ ಒತ್ತಡ ಏರುತ್ತಲೇ ಹೋಗಿ, ಆಷಾಢದ ಮಳೆಯಲ್ಲಿ ಇಡೀ ಹೊದಿಕೆಯನ್ನೇ ತಳ್ಳಿಹಾಕುತ್ತದೆ. ಬೇಕಾದದ್ದು ಮೂರು. ಕಡಿತದ ಅಂಚಿಗಿಂತ ಮೇಲೆ ಸಿಮೆಂಟಿನ ತಳವಿರುವ ಚರಂಡಿ. ಎತ್ತರ ಹೆಚ್ಚಿದ್ದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿತ. ಮುರಕಲ್ಲು-ಶೇಡಿ ಕೂಡುವ ಮಟ್ಟದಲ್ಲಿ ಗುಡ್ಡೆಯೊಳಕ್ಕೆ ಉದ್ದವಾಗಿ ತೂರಿಸಿದ ತೂತಿನ ಪೈಪುಗಳು. ಪೈಪಿನ ಒಳತುದಿ ತುಸು ಮೇಲಕ್ಕಿರಬೇಕು, ಮಣ್ಣು ಕಟ್ಟದಂತೆ ಸುತ್ತ ಸೋಸುಬಟ್ಟೆ ಇರಬೇಕು. ಒಳತುದಿ ಏರಿಸಿ ನೀರನ್ನು ತಾನಾಗಿ ಹೊರಗೆ ಬರಿಸುವ ಈ ಲೆಕ್ಕ ಸುರಂಗದ್ದೇ ಎಂದು ಎಂಜಿನಿಯರರು ಒಪ್ಪಿದರೆ, ಪೈಪು ಎಲ್ಲಿ ತೂರಿಸಬೇಕೆಂದು ಊರಿನ ಸುರಂಗ ಕೆಲಸದವರನ್ನು ಕೇಳುವುದಕ್ಕೂ ಸಂಕೋಚವಾಗಲಾರದು.

ಪಣೆಯ ಹಾನಿ ಬೇರೆ ಬಗೆಯದು. ವರ್ಷಕ್ಕೆ 3,500 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆ ಗುಡ್ಡೆತಲೆಯ ಮೇಲೆ ಬೀಳುವ ನೀರು 1 ಕೋಟಿ 40 ಲಕ್ಷ ಲೀಟರ್. ಅದರಲ್ಲೊಂದು ಪಾಲನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಮುರಕಲ್ಲು. ಶೇಡಿ ಕಾಣುವವರೆಗೂ ಕಲ್ಲು ತೆಗೆದರೆ ಆ ಪದರವೇ ಹೋಯಿತು. ಪಣೆಯ ಹೊಂಡದಲ್ಲಿ ನೀರು ನಿಂತದ್ದನ್ನು ತೋರಿಸಿ ‘ಕೆರೆಯಾಯಿತಲ್ಲ’ ಎನ್ನುವವರಿದ್ದಾರೆ. ಕಲ್ಲು ಗರಗಸದ ಪುಡಿ ತಳಕ್ಕೆ ಕೂತು ರಂಧ್ರಗಳನ್ನು ಮುಚ್ಚುವುದರಿಂದ ಆ ನೀರು ಬಹುಪಾಲು ಬಿಸಿಲಿಗೆ ಆರುತ್ತದೆ, ಕೆಳಗಿನ ಸುರಂಗಕ್ಕೆ ಬರುವುದಿಲ್ಲ.

ಕೊಳವೆಬಾವಿಯ ಬಗ್ಗೆ ಒಂದೇ ಮಾತು. ಬಾವಿಯ ಮೇಲ್ಭಾಗ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಗಟ್ಟಿ ಬಂಡೆಯೊಳಗೆ ಕೂತು, ಸುತ್ತಲಿನ ಸಂದಿಗೆ ಸಿಮೆಂಟ್ ಗಾರೆ ಬೀಳದಿದ್ದರೆ ಮೇಲಿನ ಮುರಕಲ್ಲಿನ ನೀರು ಪೈಪಿನ ಹೊರಮೈಗುಂಟ ಇಳಿದು ಆಳಕ್ಕೆ ಹೋಗುತ್ತದೆ. ಖರ್ಚು ಉಳಿಸಲು ಕೇಸಿಂಗ್ ಗಿಡ್ಡ ಮಾಡುವುದು ನೆರೆಯವನ ಸುರಂಗಕ್ಕೆ ತೂತು ಹೊಡೆದಂತೆ.

ಆದ್ದರಿಂದ ಪಂಚಾಯತುಗಳು ವಾರ್ಡುವಾರು ಸುರಂಗ ದಾಖಲೆ ಮಾಡಲಿ. ಸರ್ವೆ ನಂಬ್ರ, ಬಾಯಿಯ ಜಿಪಿಎಸ್ ಗುರುತು, ಉದ್ದ ಎಷ್ಟು ಕೋಲು, ಕವಲು ಎಷ್ಟು, ದಿಕ್ಸೂಚಿಯಲ್ಲಿ ನೋಡಿದ ದಿಕ್ಕು. ಈ ದಿಕ್ಕು ಮುಖ್ಯ. ಬಾಯಿ ಒಬ್ಬರ ತೋಟದಲ್ಲಿದ್ದರೂ ತುದಿ ಇನ್ನೊಬ್ಬರ ಗುಡ್ಡೆಯ ಅಡಿಗೆ ಹೋಗಿರಬಹುದು. ಪಣೆಗೆ ಬಿಡಬೇಕಾದ ಅಂತರವನ್ನು ಬಾಯಿಯಿಂದ ಅಳೆದರೆ ಲೆಕ್ಕ ಪೂರಾ ತಪ್ಪುತ್ತದೆ, ಒಳತುದಿಯಿಂದ ಅಳೆಯಬೇಕು. ಹರಿವಿನ ಅಳತೆಗೆ 10 ಲೀಟರಿನ ಬಕೆಟು, ಮೊಬೈಲಿನ ಗಡಿಯಾರ ಸಾಕು. 50 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್, ದಿನಕ್ಕೆ 17,280 ಲೀಟರ್. ಹನಿ ನೀರಾವರಿಯಲ್ಲಿ ಮರಕ್ಕೆ 20 ಲೀಟರಿನಂತೆ 860 ಅಡಕೆ ಮರಗಳಿಗಾಯಿತು. ಜನವರಿ, ಮಾರ್ಚ್ ಮತ್ತು ಮೇ ಮೊದಲ ವಾರ ಅಳೆಯಬೇಕು. ಒಳಗೆ ಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸಿದ್ದರೆ, ನಿಂತದ್ದು ಖಾಲಿಯಾಗಿ ಹರಿವು ಒಂದೇ ಸಮನಾದ ಮೇಲೆ ಅಳತೆ. ಬೇಸಿಗೆ ಮಳೆ ಬಿದ್ದ ವಾರದ ಅಂಕಿ ಬೇಡ.

ಇಂಗುಗುಂಡಿಯ ಉತ್ಸಾಹಿಗಳಿಗೂ ಒಂದು ವಿನಂತಿ. ಗುಡ್ಡೆಯ ತಲೆಯ ಚಪ್ಪಟೆ ಜಾಗದಲ್ಲಿ ಗುಂಡಿ ತೆಗೆಯಿರಿ, ಹಳೆಯ ಪಳ್ಳಗಳ (ಮಳೆನೀರು ನಿಲ್ಲುವ ತಗ್ಗುಗಳ) ಹೂಳೆತ್ತಿರಿ. ಕಡಿದ ಬರೆಯ (ಗುಡ್ಡೆಯ ನೆಟ್ಟಗಿನ ಮೈಯ) ಅಂಚಿನಲ್ಲಿ, ಮನೆಯ ಹಿಂದಿನ ಕಡಿದಾದ ಇಳಿಜಾರಿನಲ್ಲಿ ಇಂಗಿಸುವುದು ಶೇಡಿಗೆ ನೀರು ಕುಡಿಸಿದಂತೆ.

ಕೊನೆಯದಾಗಿ, ಪಾಳುಬಿದ್ದ ಸುರಂಗಗಳು ದಾಖಲೆಯಿಂದ ಬಿಟ್ಟುಹೋಗಬಾರದು. ಹೊಸ ಮನೆ ಕಟ್ಟುವವರು ಹಾವು, ಬಾವಲಿಯ ಕಾಟವೆಂದು ಸುರಂಗದ ಬಾಯಿಗೆ ಗೋಡೆ ಎಬ್ಬಿಸುವುದುಂಟು. ನೀರು ಒಳಗೇ ಕಟ್ಟಿಕೊಂಡರೆ ಬರೆ ಕುಸಿಯುವುದು ಆ ಮನೆಯ ಮೇಲೆಯೇ. ಮುಚ್ಚಲೇಬೇಕಾದರೆ ನೆಲಮಟ್ಟದಲ್ಲಿ 4 ಇಂಚಿನ ಪೈಪು ಬಿಟ್ಟು, ಒಳಬಾಯಿಗೆ ಜಲ್ಲಿಕಲ್ಲು ತುಂಬಿ, ಹೊರಬಾಯಿಗೆ ಜಾಲರಿ ಹಾಕಿ, ನೀರನ್ನು ತೋಡಿಗೆ ಬಿಡಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಜಾಲರಿಯ ಕಸ ತೆಗೆಯಬೇಕು.

– ಓದುಗರೊಬ್ಬರು, ಬದಿಯಡ್ಕ