ಒಪ್ಪಂದದ ಫೋಟೊ ಸಾಕು, ಹುಡುಗರನ್ನು ಫೌಂಡ್ರಿಗೆ ಕಳಿಸಿ

ಸಂಪಾದಕರಿಗೆ ನಮಸ್ಕಾರ.

ಇಂಜಿನಿಯರಿಂಗ್ ಕಾಲೇಜುಗಳು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡ ಫೋಟೊ ಪೇಪರಿನಲ್ಲಿ ಆಗಾಗ ಬರುತ್ತದೆ. ಆಮೇಲೆ ಏನಾಯ್ತು ಅನ್ನೋ ಸುದ್ದಿ ಮಾತ್ರ ಬರುವುದಿಲ್ಲ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆಯಲ್ಲಿ, ಕೆಲಸ ಮಾಡುತ್ತೇನೆ. ನಮ್ಮ ದೊಡ್ಡ ತಲೆನೋವು ರಿಜೆಕ್ಷನ್, ಅಂದರೆ ಹಾಳಾಗಿ ತಿರಸ್ಕಾರವಾಗುವ ಪೀಸುಗಳು. ಎರಕ ಹೊಯ್ದು, ಅಚ್ಚು ಒಡೆದು, ಫೆಟ್ಲಿಂಗ್ ಮಾಡಿ (ಅಂಟಿದ ಮರಳು, ಹೆಚ್ಚುವರಿ ಲೋಹ ತೆಗೆದು) ಮಷಿನ್ ಶಾಪಿಗೆ ಕಳಿಸಿದ ಮೇಲೆ, ಅಲ್ಲಿ ಮೇಲಿನ ಪದರ ಕತ್ತರಿಸಿದಾಗ ಒಳಗಿನ ಬ್ಲೋ ಹೋಲ್ (ಗಾಳಿ ಸಿಕ್ಕಿಕೊಂಡು ಆದ ತೂತು) ಕಾಣುತ್ತದೆ. ಕಬ್ಬಿಣ ಮತ್ತೆ ಕರಗಿಸಬಹುದು. ಫರ್ನೇಸಿಗೆ ಸುರಿದ ಕರೆಂಟು, ಆಳುಗಳ ದುಡಿಮೆ ವಾಪಸ್ ಬರುತ್ತಾ? ತಪ್ಪು ಮರಳಿನ ತೇವದಲ್ಲಿರಬಹುದು, ಗಾಳಿ ಹೊರಹೋಗುವ ದಾರಿಯಲ್ಲಿರಬಹುದು, ಲೋಹದ ಬಿಸಿಯಲ್ಲೂ ಇರಬಹುದು. ಅಚ್ಚು ಮಾಡುವ ಹಳೇ ಮೋಲ್ಡರ್‌ಗಳು ಮರಳನ್ನು ಮುಷ್ಟಿಯಲ್ಲಿ ಒತ್ತಿ, ಮುರಿದು ನೋಡಿಯೇ ಹೇಳಿಬಿಡುತ್ತಾರೆ. ಆ ಅನುಭವ ಸಣ್ಣದಲ್ಲ. ಆದರೆ ದಿನಾ ತೇವ, ಬಿಸಿ ಬರೆದಿಟ್ಟು, ಅದಕ್ಕೂ ಹಾಳಾದ ಪೀಸುಗಳಿಗೂ ತಾಳೆ ಹಾಕಿ ನೋಡಲು ನಮಗೆ ಪುರುಸೊತ್ತಿಲ್ಲ. ನಾಲ್ಕು ಹುಡುಗರ ಪ್ರಾಜೆಕ್ಟ್ ಬ್ಯಾಚ್ ಒಂದು ಸೆಮಿಸ್ಟರ್ ಕೂತರೆ ಆಗುವ ಕೆಲಸ ಇದು.

1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಮ್ಮೂರಲ್ಲೇ ಶುರುವಾದಾಗ ಕಾರ್ಖಾನೆಗಳಿಗೂ ಅನುಕೂಲ ಆಗುತ್ತೆ ಅಂತ ಆಸೆಪಟ್ಟಿದ್ದೆವು. ಈಗ ಇಂಟರ್ನ್‌ಶಿಪ್ ಕಡ್ಡಾಯ ಇದೆ, ಒಳ್ಳೇದೇ. ಆದರೆ ನಮ್ಮ ಗೇಟಿಗೆ ಬರುವವರಲ್ಲಿ ಜಾಸ್ತಿ ಜನ ಕೇಳೋದು ಸರ್ಟಿಫಿಕೇಟ್ ಒಂದನ್ನೇ. ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು ಮಾಡಿಸಿಕೊಂಡೆ ಅಂತ ಒಬ್ಬ ಹುಡುಗ ನನ್ನ ಮುಂದೆಯೇ ಹೇಳಿದ. ಅವನನ್ನು ಬೈಯಲು ಮನಸ್ಸಾಗಲಿಲ್ಲ, ಬೇರೆ ದಾರಿಯನ್ನು ಅವನಿಗೆ ಯಾರು ತೋರಿಸಿದ್ದಾರೆ?

ಮಾಲೀಕರದ್ದೂ ತಪ್ಪಿದೆ. ಡ್ರಾಯಿಂಗ್ ಹೊರಗೆ ಹೋದೀತು ಅಂತ ಹೆದರಿ ಹುಡುಗರನ್ನು ಆಫೀಸಿನಲ್ಲೇ ಕೂರಿಸಿ ಕಳಿಸುತ್ತಾರೆ. ಗಿರಾಕಿಯ ಡ್ರಾಯಿಂಗ್ ತೋರಿಸಬೇಡಿ, ಮರಳು ತೋರಿಸೋಕೆ ಏನಡ್ಡಿ? ಇನ್ನು ದುಡ್ಡು ಅಂದರೆ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೇ ವರ್ಷದ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತಾ ಬಂದಿದೆ, ಕಾಲೇಜಿನವರು ಫೌಂಡ್ರಿ ಸಮಸ್ಯೆ ಹಿಡಿದು ಅರ್ಜಿ ಹಾಕಲಿ.

ಮೇಷ್ಟ್ರುಗಳೂ ರಜೆಯಲ್ಲಿ ಕೆಲವು ದಿನ ಬಂದು ಶಾಪ್ ಫ್ಲೋರಿನಲ್ಲಿ ನಿಲ್ಲಬೇಕು. ಪ್ರಾಜೆಕ್ಟ್ ವೈವಾದಲ್ಲಿ ಕಾರ್ಖಾನೆಯವರೊಬ್ಬರು ಕೂತು ಪ್ರಶ್ನೆ ಕೇಳಲಿ, ಆಗ ಕೊಂಡುತಂದ ಪ್ರಾಜೆಕ್ಟ್ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹೊಸ ಬ್ಯಾಚಿಗೆ ವಿಷಯ ಹಂಚುವ ಮೊದಲು ವಿಭಾಗದ ಮುಖ್ಯಸ್ಥರು ಒಮ್ಮೆ ಉದ್ಯಮಬಾಗಕ್ಕೆ ಬರಲಿ. ಕೊಡೋಕೆ ನಮ್ಮ ಹತ್ತಿರ ಸಮಸ್ಯೆಗಳು ಬೇಕಾದಷ್ಟಿವೆ.

ಒಬ್ಬ ಓದುಗ, ಬೆಳಗಾವಿ