ಮೆಟ್ಟಿಲುಗಳಲ್ಲಿ ಹಾಡಿದ ಯೋಧ

ಆತ್ಮೀಯ ಓದುಗರೇ,

ಗಣೇಶನ ಹಬ್ಬದ ಚಿತ್ರಗಳು, ಕನ್ನಡ ತರಗತಿಗಳ ಹೊಸ ವೇಳಾಪಟ್ಟಿ, ರಾಜ್ಯೋತ್ಸವದ ನಾಟಕಕ್ಕೆ ಪಾತ್ರಧಾರಿಗಳು ಬೇಕೆಂಬ ಪ್ರಕಟಣೆ ಎಲ್ಲವೂ ಎಂದಿನಂತೆ ಒಳಪುಟಗಳಲ್ಲಿವೆ. ಈ ಪುಟವನ್ನು ಮಾತ್ರ ಈ ಬಾರಿ ಒಬ್ಬ ನಿವೃತ್ತ ಸೈನಿಕರಿಗೆ ಮೀಸಲಿಟ್ಟಿದ್ದೇನೆ. ಅವರು ಕನ್ನಡಿಗರಲ್ಲ, ಭಾರತೀಯರೂ ಅಲ್ಲ. ಆದರೆ ನಮ್ಮ ಕನ್ನಡ ಸಂಘದ ಎಷ್ಟೋ ಸದಸ್ಯರು ಇಂದು ವಾಸಿಸುತ್ತಿರುವ ನ್ಯೂ ಜೆರ್ಸಿಯಲ್ಲೇ, ಮಾರಿಸ್‌ಟೌನ್‌ನಲ್ಲಿ ಮನೆ ಮಾಡಿಕೊಂಡಿದ್ದವರು. ನಮ್ಮಲ್ಲಿ ಅನೇಕರ ಹಾಗೆ ದಿನವೂ ನದಿ ದಾಟಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗುತ್ತಿದ್ದವರು. 2001ರ ಸೆಪ್ಟೆಂಬರ್ 11ರಂದು ಹೋದವರು ಹಿಂದಿರುಗಲಿಲ್ಲ. ಅವರ ದೇಹವೂ ಸಿಗಲಿಲ್ಲ. ಅವರಿಂದಾಗಿ ಸಾವಿರಾರು ಜನ ಅಂದು ಸಂಜೆ ತಮ್ಮ ತಮ್ಮ ಮನೆ ಸೇರಿದರು.

ಅವರ ಹೆಸರು ರಿಕ್ ರೆಸ್ಕೋರ್ಲಾ. ಅವರ ಬಗ್ಗೆ ಇಂಗ್ಲಿಷಿನಲ್ಲಿ ಬಹಳ ಬರವಣಿಗೆ ಬಂದಿದೆ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ದಿನ ಪಠ್ಯಪುಸ್ತಕದ ಒಂದು ಅಧ್ಯಾಯ ಮಾತ್ರ. ಅವರ ಮನೆಗಳಲ್ಲಿ ಈ ಕತೆ ಕನ್ನಡದಲ್ಲಿಯೂ ಒಮ್ಮೆ ಕೇಳಿಸಲಿ ಎಂಬುದು ನನ್ನ ಆಸೆ.

ರೆಸ್ಕೋರ್ಲಾ ಕೂಡ ನಮ್ಮ ಹಾಗೆ ವಲಸೆ ಬಂದವರು. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನ ಹೇಲ್ ಎಂಬ ಸಣ್ಣ ಬಂದರು ಊರಿನಲ್ಲಿ 1939ರಲ್ಲಿ ಹುಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ದಾಳಿಗೆ ಸಿದ್ಧವಾಗುತ್ತಿದ್ದ ಅಮೆರಿಕದ ಪಡೆಯೊಂದು ಆ ಊರಿನಲ್ಲಿ ಬೀಡುಬಿಟ್ಟಿತ್ತು. ಆಗಿನ್ನೂ ನಾಲ್ಕು ವರ್ಷದ ಬಾಲಕನ ಕಣ್ಣಿಗೆ ಆ ಸೈನಿಕರೇ ವೀರರಾದರು. ಮುಂದೆ ಅವರು ಬ್ರಿಟಿಷ್ ಸೈನ್ಯ ಸೇರಿ ಸೈಪ್ರಸ್‌ನಲ್ಲಿ ಸೇವೆ ಸಲ್ಲಿಸಿದರು. ಆಮೇಲೆ ಇಂದಿನ ಜಾಂಬಿಯಾ ಆಗಿರುವ ಉತ್ತರ ರೊಡೇಷಿಯಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದರು. 1963ರಲ್ಲಿ ಅಮೆರಿಕಕ್ಕೆ ಬಂದು ಇಲ್ಲಿನ ಸೈನ್ಯಕ್ಕೆ ಸೇರಿದರು. 1965ರ ನವೆಂಬರಿನಲ್ಲಿ ವಿಯೆಟ್ನಾಮಿನ ಇಯಾ ಡ್ರಾಂಗ್ ಕಣಿವೆಯ ಭೀಕರ ಕದನದಲ್ಲಿ ಒಂದು ತುಕಡಿಯನ್ನು ಮುನ್ನಡೆಸಿದರು. ಅಮೆರಿಕದ ಪೌರತ್ವ ಅವರಿಗೆ ಸಿಕ್ಕಿದ್ದು 1967ರಲ್ಲಿ. ಅಂದರೆ ಈ ದೇಶ ಅವರನ್ನು ತನ್ನವರೆಂದು ಕಾಗದದ ಮೇಲೆ ಬರೆದುಕೊಡುವ ಎಷ್ಟೋ ಮೊದಲೇ ಅವರು ಈ ದೇಶಕ್ಕಾಗಿ ಗುಂಡಿನ ಎದುರು ನಿಂತಿದ್ದರು. ವಿಯೆಟ್ನಾಂ ಯುದ್ಧದ ಸರಿತಪ್ಪುಗಳ ಬಗ್ಗೆ ಇಲ್ಲಿನ ಜನ ಇಂದಿಗೂ ವಾದಿಸುತ್ತಾರೆ. ಆ ಯುದ್ಧ ನಡೆಯಬಾರದಿತ್ತು ಎಂಬುದೇ ನನ್ನ ಅಭಿಪ್ರಾಯ. ಅದರಿಂದ ಈ ಮನುಷ್ಯನ ಮೇಲಿನ ಗೌರವ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಆ ಕಣಿವೆಯ ರಾತ್ರಿಗಳ ಬಗ್ಗೆ ಅವರ ಜೊತೆಗಿದ್ದ ಸೈನಿಕರು ಒಂದು ಸಂಗತಿಯನ್ನು ಮತ್ತೆ ಮತ್ತೆ ನೆನೆದಿದ್ದಾರೆ. ಕತ್ತಲಲ್ಲಿ, ಯಾವ ಗಳಿಗೆಯಲ್ಲಿ ದಾಳಿಯಾಗುತ್ತದೆಯೋ ತಿಳಿಯದೆ, ನೆಲ ತೋಡಿದ ಗುಂಡಿಗಳಲ್ಲಿ ಹುಡುಗರು ನಡುಗುತ್ತಾ ಕೂತಿರುವಾಗ ಅವರ ಅಧಿಕಾರಿ ಹಾಡುತ್ತಿದ್ದರಂತೆ. ಅದೂ ತಮ್ಮ ಊರಿನ ಕಡೆಯ ಹಾಡುಗಳನ್ನು, ಕಾರ್ನ್‌ವಾಲ್‌ನ ಗಣಿ ಕಾರ್ಮಿಕರ ಮನೆಗಳಲ್ಲಿ ಹಾಡಿಕೊಂಡು ಬಂದಂಥವನ್ನು. ಆ ದನಿ ಕೇಳಿದ ಮೇಲೆ ಎದೆಬಡಿತ ಹದಕ್ಕೆ ಬರುತ್ತಿತ್ತು ಎಂದು ಬದುಕಿ ಬಂದವರು ಹೇಳಿದ್ದಾರೆ.

ಸೈನ್ಯ ಬಿಟ್ಟ ಮೇಲೆ ಓದಿದರು, ಕೆಲಕಾಲ ಕಾಲೇಜಿನಲ್ಲಿ ಪಾಠ ಹೇಳಿದರು. 1985ರಲ್ಲಿ ಹಣಕಾಸು ಸಂಸ್ಥೆಯೊಂದರ ಭದ್ರತಾ ವಿಭಾಗ ಸೇರಿದರು. ಆ ಸಂಸ್ಥೆ 1997ರಲ್ಲಿ ಮಾರ್ಗನ್ ಸ್ಟ್ಯಾನ್ಲಿಯೊಂದಿಗೆ ವಿಲೀನವಾಯಿತು. ಕಚೇರಿ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣ ಗೋಪುರದಲ್ಲಿ. 1988ರಲ್ಲಿ ಸ್ಕಾಟ್‌ಲೆಂಡಿನ ಲಾಕರ್‌ಬಿಯ ಆಕಾಶದಲ್ಲಿ ಉಗ್ರರಿಟ್ಟ ಬಾಂಬಿನಿಂದ ವಿಮಾನ ಸ್ಫೋಟಗೊಂಡಾಗಲೇ ರೆಸ್ಕೋರ್ಲಾ ಅವರಿಗೆ ತಮ್ಮ ಕಟ್ಟಡದ ಚಿಂತೆ ಹತ್ತಿತು. ಸೈನ್ಯದ ಹಳೆಯ ಗೆಳೆಯ ಡ್ಯಾನ್ ಹಿಲ್ ಅವರನ್ನು ಕರೆಸಿ ಕಟ್ಟಡವನ್ನು ಸುತ್ತಾಡಿಸಿದರು. ನೆಲಮಾಳಿಗೆಯ ವಾಹನ ನಿಲ್ದಾಣಕ್ಕೆ ಯಾರು ಬೇಕಾದರೂ ಲಾರಿ ತರಬಹುದು, ಗೋಪುರದ ಭಾರ ಹೊತ್ತ ಕಂಬಗಳು ಅಲ್ಲೇ ಇವೆ ಎಂದು ಇಬ್ಬರೂ ಕಂಡುಕೊಂಡರು. ಕಟ್ಟಡದ ಒಡೆತನವಿದ್ದ ಪೋರ್ಟ್ ಅಥಾರಿಟಿಗೆ 1990ರಲ್ಲಿ ಈ ಎಚ್ಚರಿಕೆ ಹೋಯಿತು. ಅದರಿಂದ ಏನೂ ಬದಲಾಗಲಿಲ್ಲ. 1993ರ ಫೆಬ್ರುವರಿ 26ರಂದು ಅದೇ ನೆಲಮಾಳಿಗೆಯಲ್ಲಿ ಬಾಂಬ್ ತುಂಬಿದ ವ್ಯಾನ್ ಸ್ಫೋಟಿಸಿ ಆರು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು.

ನಾನು ಹೇಳಿದ್ದೇ ಆಯಿತಲ್ಲ ಎಂದು ಬೀಗುವವರು ಬೇರೆ ಯಾರಾದರೂ ಇದ್ದಾರು. ರೆಸ್ಕೋರ್ಲಾ ಮುಂದಿನ ದಾಳಿಗೆ ತಯಾರಿ ಶುರು ಮಾಡಿದರು. ಈ ಕಟ್ಟಡವನ್ನು ಉಗ್ರರು ಬಿಡುವುದಿಲ್ಲ, ಮುಂದಿನ ಸಲ ಆಕಾಶದಿಂದ ಬರಬಹುದು ಎಂದು ಅವರು ಅಂದಾಜಿಸಿದ್ದರು. ಕಚೇರಿಯನ್ನು ನ್ಯೂ ಜೆರ್ಸಿಗೆ ಸ್ಥಳಾಂತರಿಸಿ ಎಂದು ಸಂಸ್ಥೆಗೆ ಸಲಹೆ ಕೊಟ್ಟರು. ಬಾಡಿಗೆ ಒಪ್ಪಂದ 2006ರವರೆಗೂ ಇದ್ದುದರಿಂದ ಅದು ಆಗಲಿಲ್ಲ. ಹಾಗಿದ್ದರೆ ಎಲ್ಲರೂ ಮೆಟ್ಟಿಲಿಳಿಯುವುದನ್ನು ಕಲಿಯಲಿ ಎಂದು ಮೂರು ತಿಂಗಳಿಗೊಮ್ಮೆ ತುರ್ತು ತೆರವಿನ ಕವಾಯತು ನಡೆಸಿದರು. ದೊಡ್ಡ ಹುದ್ದೆಯವರಿಗೂ ವಿನಾಯಿತಿ ಇರಲಿಲ್ಲ. ಫೋನಿನಲ್ಲಿ ವ್ಯವಹಾರ ಕುದುರಿಸುತ್ತಿದ್ದವರನ್ನು ಎಬ್ಬಿಸಿ, ಇಬ್ಬಿಬ್ಬರನ್ನು ಜೋಡಿ ಮಾಡಿ, ಕೈಯಲ್ಲಿ ಗಡಿಯಾರ ಹಿಡಿದು ಹತ್ತಾರು ಮಹಡಿ ಇಳಿಸಿದರು. ಜನ ಗೊಣಗಿದರು. ಎಂಟು ವರ್ಷ ಗೊಣಗಿದರು. ಅವರು ಎಂಟು ವರ್ಷವೂ ಬಿಡಲಿಲ್ಲ.

ಈ ಎಂಟು ವರ್ಷಗಳ ಮುಂದೆ ನಾನು ತಲೆಬಾಗುತ್ತೇನೆ. ಕೊನೆಯ ಒಂದು ಗಂಟೆಯ ಸಾಹಸವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದದ್ದೇ. ಆದರೆ ಯಾರ ಚಪ್ಪಾಳೆಯೂ ಇಲ್ಲದೆ, ಬಹುತೇಕ ಎಲ್ಲರ ಅಸಹನೆಯ ನಡುವೆ, ಇವರ ಪ್ರಾಣ ನನ್ನ ಹೊಣೆ ಎಂದು ಅಷ್ಟು ವರ್ಷ ಒಂದೇ ಕೆಲಸವನ್ನು ಮಾಡಿಕೊಂಡು ಬರುವುದಕ್ಕೆ ಯುದ್ಧಭೂಮಿಯ ಧೈರ್ಯಕ್ಕಿಂತಲೂ ಗಟ್ಟಿಯಾದದ್ದೇನೋ ಬೇಕು. ದೇಶಪ್ರೇಮವೆಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಗಡಿಯಾರ ಹಿಡಿದು ಮೆಟ್ಟಿಲ ಬಳಿ ನಿಂತ ಈ ಮನುಷ್ಯ.

ಆ ಮಂಗಳವಾರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಮೊದಲ ವಿಮಾನ ಉತ್ತರ ಗೋಪುರಕ್ಕೆ ಬಡಿಯಿತು. ದಕ್ಷಿಣ ಗೋಪುರದ ಧ್ವನಿವರ್ಧಕದಲ್ಲಿ, ಈ ಕಟ್ಟಡ ಸುರಕ್ಷಿತವಾಗಿದೆ, ನಿಮ್ಮ ನಿಮ್ಮ ಜಾಗದಲ್ಲೇ ಇರಿ ಎಂಬ ಸೂಚನೆ ಬಂತು. 44ನೆಯ ಮಹಡಿಯಲ್ಲಿದ್ದ ರೆಸ್ಕೋರ್ಲಾ ಆ ಸೂಚನೆಯನ್ನು ಬದಿಗೊತ್ತಿ ಕೈಮೈಕು ಎತ್ತಿಕೊಂಡರು. ಮಹಡಿಯಿಂದ ಮಹಡಿಗೆ ಹೋಗಿ ಎಲ್ಲರೂ ಹೊರಡಿ ಎಂದರು. ಜನರಿಗೆ ಯೋಚಿಸಬೇಕಾದ ಅಗತ್ಯವೇ ಬರಲಿಲ್ಲ. ಕಾಲುಗಳಿಗೆ ದಾರಿ ಗೊತ್ತಿತ್ತು. 9 ಗಂಟೆ 3 ನಿಮಿಷಕ್ಕೆ ಎರಡನೆಯ ವಿಮಾನ ಅವರ ಗೋಪುರದ 77ರಿಂದ 85ನೆಯ ಮಹಡಿಗಳ ನಡುವೆ ನುಗ್ಗಿತು. ಸಂಸ್ಥೆಯ ಮಹಡಿಗಳೆಲ್ಲ ಅದಕ್ಕಿಂತ ಕೆಳಗಿದ್ದವು. ಎರಡು ಬಡಿತಗಳ ನಡುವಿನ ಹದಿನಾರು ಹದಿನೇಳು ನಿಮಿಷಗಳಲ್ಲಿ ಅವರ ಬಹಳಷ್ಟು ಜನ ಆಗಲೇ ಮೆಟ್ಟಿಲುಗಳಲ್ಲಿದ್ದರು.

ಎರಡನೆಯ ಬಡಿತಕ್ಕೆ ಇಡೀ ಗೋಪುರ ಓಲಾಡಿತು. ಮೆಟ್ಟಿಲುಗಳಲ್ಲಿ ಹೊಗೆ, ಬಿಸಿ, ಅಳು. ಅಲ್ಲಿ ನಿಂತು ಅವರು ಮತ್ತೆ ಹಾಡಿದರು. ಮೂವತ್ತಾರು ವರ್ಷಗಳ ಹಿಂದೆ ವಿಯೆಟ್ನಾಮಿನ ಕತ್ತಲಲ್ಲಿ ಹಾಡಿದಂತೆಯೇ, ಹುಟ್ಟೂರಿನ ಕಡೆಯ ಹಾಡುಗಳನ್ನು ಕೈಮೈಕಿನಲ್ಲಿ ಹಾಡಿದರು. ನಡುವೆ, ಇಂದು ಅಮೆರಿಕನ್ನರೆಂದು ಹೆಮ್ಮೆಪಡಬೇಕಾದ ದಿನ ಎಂದೂ ಹೇಳಿದರೆಂದು ಇಳಿದು ಬಂದವರು ನೆನೆದಿದ್ದಾರೆ. ಈ ಎರಡೂ ಒಂದೇ ಬಾಯಿಯಿಂದ ಬಂದವು ಎಂಬುದನ್ನು ಗಮನಿಸಿ. ತಾಯ್ನೆಲದ ಹಾಡನ್ನು ಉಳಿಸಿಕೊಂಡರೆ ಸೇರಿದ ನೆಲಕ್ಕೆ ಕಡಿಮೆ ನಿಷ್ಠರಾಗುತ್ತೇವೆಯೇ ಎಂಬ ಪ್ರಶ್ನೆ ನಮ್ಮಂಥ ಸಂಘಗಳ ಸುತ್ತ ಸುಳಿಯುತ್ತಲೇ ಇರುತ್ತದೆ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ನೋಟದಲ್ಲೇ ಕೇಳುತ್ತಾರೆ. ಅವರಿಗೆಲ್ಲ ನಾನು ಈ ಮೆಟ್ಟಿಲುಗಳನ್ನು ತೋರಿಸುತ್ತೇನೆ. ಈ ದೇಶದ ಅತ್ಯಂತ ಕಷ್ಟದ ಗಳಿಗೆಯಲ್ಲಿ ಇಲ್ಲಿನ ಜನಕ್ಕೆ ಧೈರ್ಯ ತುಂಬಿದ್ದು ವಲಸಿಗನೊಬ್ಬ ಎದೆಯಲ್ಲಿಟ್ಟುಕೊಂಡು ಬಂದಿದ್ದ ಹಾಡು.

ನಡುವೆ ಹೆಂಡತಿಗೆ ಫೋನು ಮಾಡಿ, ಅಳಬೇಡ, ಇವರನ್ನೆಲ್ಲ ಹೊರಗೆ ಕಳಿಸಬೇಕಿದೆ ಎಂದರು. ನಿನ್ನಿಂದ ನನ್ನ ಬದುಕು ಸಾರ್ಥಕವಾಯಿತು ಎಂಬ ಅರ್ಥದ ಮಾತು ಹೇಳಿದರು. ಆಗ ಅವರಿಗೆ ಅರವತ್ತೆರಡು ವರ್ಷ, ಕ್ಯಾನ್ಸರ್ ಕಾಯಿಲೆಯೂ ಇತ್ತು. ಬಹುಪಾಲು ಜನ ಹೊರಬಿದ್ದ ಮೇಲೆ, ಉಳಿದವರನ್ನು ಹುಡುಕಲು ಮತ್ತೆ ಮೇಲೇರಿದರು. ಕೊನೆಯದಾಗಿ ಅವರನ್ನು ಕಂಡದ್ದು ಹತ್ತನೆಯ ಮಹಡಿಯಲ್ಲಿ. 9 ಗಂಟೆ 59 ನಿಮಿಷಕ್ಕೆ ದಕ್ಷಿಣ ಗೋಪುರ ಕುಸಿಯಿತು. ಸಂಸ್ಥೆಯ ಸುಮಾರು 2,700 ನೌಕರರಲ್ಲಿ ಸತ್ತವರು 13 ಮಂದಿ. ಅವರಲ್ಲಿ ರೆಸ್ಕೋರ್ಲಾ ಒಬ್ಬರು, ಅವರ ಜೊತೆಗೇ ಉಳಿದ ಭದ್ರತಾ ಸಿಬ್ಬಂದಿ ಕೆಲವರು. ಆ ಸಿಬ್ಬಂದಿಯಲ್ಲಿ ವೆಸ್ಲಿ ಮರ್ಸರ್ ಎಂಬವರೂ ನಿವೃತ್ತ ಯೋಧರೇ. ಅವರ ಹೆಸರು ಹೆಚ್ಚಿನವರಿಗೆ ತಿಳಿಯದು, ಅದಕ್ಕೇ ಇಲ್ಲಿ ಬರೆದೆ.

ಅದೇ ದಿನ ಕನೆಕ್ಟಿಕಟ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ಡೇವ್ ಕಾರ್ನ್ಸ್ ಎಂಬ ಮಾಜಿ ನೌಕಾಪದಾತಿ (ಮರೀನ್) ಸೈನಿಕರು ಮೇಜು ಬಿಟ್ಟೆದ್ದು, ಕ್ಷೌರ ಮಾಡಿಸಿಕೊಂಡು, ಹಳೆಯ ಸಮವಸ್ತ್ರ ತೊಟ್ಟು ಕಾರಿನಲ್ಲಿ ನೇರ ನ್ಯೂಯಾರ್ಕಿಗೆ ಬಂದರು. ಅಲ್ಲಿ ಅವರಿಗೆ ಜೇಸನ್ ಥಾಮಸ್ ಎಂಬ ಇನ್ನೊಬ್ಬ ಮಾಜಿ ಸೈನಿಕರು ಸಿಕ್ಕರು. ಹೊಗೆಯಾಡುವ ರಾಶಿಯ ಮೇಲೆ ಕತ್ತಲಲ್ಲಿ ಕೂಗುತ್ತಾ ನಡೆದು, ಅವಶೇಷಗಳಡಿ ಸಿಲುಕಿದ್ದ ಇಬ್ಬರು ಪೋರ್ಟ್ ಅಥಾರಿಟಿ ಪೊಲೀಸರನ್ನು ಪತ್ತೆ ಮಾಡಿದರು. ಇಬ್ಬರೂ ಬದುಕಿದರು. ಥಾಮಸ್ ತಮ್ಮ ಪೂರ್ತಿ ಹೆಸರು ಹೇಳದೆ ಹೊರಟುಹೋದರು. ಅವರು ಯಾರೆಂದು ಲೋಕಕ್ಕೆ ತಿಳಿಯಲು ವರ್ಷಗಳೇ ಬೇಕಾದವು.

ನಾಲ್ಕು ದಿನ ಕಳೆದು, ಸೆಪ್ಟೆಂಬರ್ 15ರಂದು, ಅರಿಜೋನಾದ ಮೇಸಾ ನಗರದಲ್ಲಿ ಪಂಜಾಬಿನಿಂದ ಬಂದ ಬಲಬೀರ್ ಸಿಂಗ್ ಸೋಧಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ಹೂಗಿಡ ನೆಡಿಸುತ್ತಿದ್ದಾಗ ಒಬ್ಬ ಗುಂಡಿಟ್ಟು ಕೊಂದ. ಪೇಟ ಮತ್ತು ಗಡ್ಡ ನೋಡಿದ್ದೇ ಅವನಿಗೆ ಸಾಕಾಗಿತ್ತು. ಸೋಧಿಯವರು ಅದೇ ದಿನ ದಾಳಿಯ ಸಂತ್ರಸ್ತರ ನಿಧಿಗೆ ಹಣ ಕೊಟ್ಟು ಬಂದಿದ್ದರು. ಪೊಲೀಸರು ಹಿಡಿದಾಗ ಕೊಲೆಗಾರ ತಾನು ದೇಶಭಕ್ತನೆಂದು ಕೂಗಿಕೊಂಡ. ಆ ವಾರಗಳಲ್ಲಿ ನಮ್ಮವರ ಮನೆ, ಅಂಗಡಿ, ಕಾರುಗಳ ಮೇಲೆಲ್ಲ ಅಮೆರಿಕದ ಬಾವುಟ ಏರಿತು. ಪ್ರೀತಿಯಿಂದ ಏರಿಸಿದವರಿದ್ದರು, ಭಯದಿಂದ ಏರಿಸಿದವರೂ ಇದ್ದರು. ಭಯದಿಂದ ಏರಿಸಿದವರನ್ನು ನಾನು ದೂರುವುದಿಲ್ಲ. ಆದರೆ ಒಂದು ಮಾತು ಖಚಿತವಾಗಿ ಹೇಳುತ್ತೇನೆ: ಬಂದೂಕು ಹಿಡಿದು ಕೂಗಿದ ಆ ಮನುಷ್ಯ ಈ ದೇಶಕ್ಕೆ ಮಾಡಿದ್ದು ದ್ರೋಹ. ನಿಜವಾದ ಯುದ್ಧ ಕಂಡ ರೆಸ್ಕೋರ್ಲಾ ಆ ಬೆಳಗ್ಗೆ ಯಾರ ಮೇಲೂ ಕೈ ಎತ್ತಲಿಲ್ಲ. ಎಲ್ಲ ಬಣ್ಣದ, ಎಲ್ಲ ಧರ್ಮದ ಜನರನ್ನು ಒಂದೇ ಮೆಟ್ಟಿಲಲ್ಲಿ ಇಳಿಸಿದರು.

ನಮ್ಮ ನಾಡಿನಲ್ಲೂ ಇಂಥವರಿದ್ದಾರೆ, ನಾವು ನೋಡುವುದಿಲ್ಲ ಅಷ್ಟೇ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಉಗ್ರರು ಎರಗಿದಾಗ ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಪ್ರಾಣ ಕೊಟ್ಟದ್ದು ನಮಗೆಲ್ಲ ನೆನಪಿದೆ. ಆದರೆ ಅಲ್ಲಿ ಸತ್ತ ಏಳು ಯೋಧರಲ್ಲಿ ಐವರು ರಕ್ಷಣಾ ಭದ್ರತಾ ದಳದವರು. ಸೈನ್ಯದಿಂದ ಒಮ್ಮೆ ನಿವೃತ್ತರಾಗಿ ಮತ್ತೆ ಕಾವಲಿಗೆ ಸೇರಿದವರ ದಳ ಅದು. ಅವರಲ್ಲೊಬ್ಬರಾದ ಜಗದೀಶ್ ಚಂದ್, ಕೈಯಲ್ಲಿ ಆಯುಧವಿಲ್ಲದೆ ಉಗ್ರನೊಬ್ಬನನ್ನು ಅಟ್ಟಿಸಿಕೊಂಡು ಹೋಗಿ, ಅವನ ಬಂದೂಕನ್ನೇ ಕಸಿದು ಅವನನ್ನು ಕೊಂದು, ತಾವೂ ಗುಂಡೇಟಿಗೆ ಬಿದ್ದರು. ಊರಿಗೆ ಹೋದಾಗ ಬ್ಯಾಂಕಿನ ಬಾಗಿಲಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತ ಮಾಜಿ ಸೈನಿಕರನ್ನು ನಾವು ಎಷ್ಟು ಸಲ ತಲೆ ಎತ್ತಿ ನೋಡಿದ್ದೇವೆ? ಅವರ ಹೆಸರು ಕೇಳಿದ್ದೇವೆಯೇ?

ಈಗ ಸಂಘದ ಮಾತು. ನಮ್ಮ ಕಾರ್ಯಕ್ರಮಗಳಿಗೆ ಬಾಡಿಗೆಗೆ ಹಿಡಿಯುವ ಶಾಲಾ ಸಭಾಂಗಣಗಳಲ್ಲಿ ನಡೆದಾಡುವ ದಾರಿಯಲ್ಲೇ ಹೆಚ್ಚುವರಿ ಕುರ್ಚಿ ಹಾಕುತ್ತೇವೆ. ನಾಟಕದ ಪರದೆ, ಪೆಟ್ಟಿಗೆಗಳನ್ನು ಪಕ್ಕದ ಬಾಗಿಲಿಗೆ ಅಡ್ಡ ಇಡುತ್ತೇವೆ. ಅಜ್ಜ ಅಜ್ಜಿಯರು, ಕಾಲಿಗೆ ಗೆಜ್ಜೆ ಕಟ್ಟಿದ ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ಈ ರಾಜ್ಯೋತ್ಸವದಿಂದ ಪ್ರಾರ್ಥನೆಗೆ ಮೊದಲು ಹೊರಬಾಗಿಲುಗಳನ್ನು ತೋರಿಸಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡು ನಿಮಿಷ ಹೇಳಬೇಕು, ವರ್ಷಕ್ಕೊಮ್ಮೆಯಾದರೂ ಸಭಾಂಗಣ ಖಾಲಿ ಮಾಡುವ ಕವಾಯತು ನಡೆಸಬೇಕು ಎಂದು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತಿದ್ದೇನೆ. ರಕ್ತಸ್ರಾವ ತಡೆಯುವ ಮತ್ತು ಹೃದಯ ನಿಂತಾಗ ಎದೆ ಒತ್ತುವ ತರಬೇತಿ ಇಲ್ಲಿ ಬಹಳ ಕಡೆ ಸಿಗುತ್ತದೆ. ಪ್ರತಿ ಸ್ವಯಂಸೇವಕರೂ ಅದನ್ನು ಪಡೆಯಲಿ.

ಮಕ್ಕಳನ್ನು ನೋಡಲು ಬಂದಿರುವ ತಂದೆತಾಯಿಯರಲ್ಲಿ ಭಾರತದ ಸೈನ್ಯದಲ್ಲಿ ದುಡಿದವರಿದ್ದರೆ, ನಮ್ಮ ಸದಸ್ಯರ ಮನೆಗಳಲ್ಲಿ ಅಮೆರಿಕದ ಸೈನ್ಯ ಸೇರಿದ ಮಕ್ಕಳಿದ್ದರೆ, ದಯವಿಟ್ಟು ಸಂಪಾದಕರಿಗೆ ತಿಳಿಸಿ. ಕನ್ನಡ ತರಗತಿಯ ಮಕ್ಕಳ ಮುಂದೆ ಅವರನ್ನು ಕೂರಿಸಿ ಮಾತನಾಡಿಸುವ ಏರ್ಪಾಡು ಮಾಡುತ್ತೇವೆ. ನಾಟಕದ ತಂಡದವರು ಈ ಸಲ ಸಾಮಾನುಗಳಿಗೆ ಎಷ್ಟು ಜಾಗ ಬೇಕೆಂದು ಈಗಲೇ ತಿಳಿಸಿದರೆ, ಬಾಗಿಲುಗಳನ್ನು ಬಿಟ್ಟು ಬೇರೆ ಕೋಣೆ ಕೇಳಿ ಪಡೆಯುತ್ತೇವೆ.